ಹಳೆಯ ಬ್ರೌಸರಿನ ಸಡಿಲ ಚಿಲಕ



ಈಚೆಗೆ ಒಂದು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ 7ನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಸರ್, ಈ ಬ್ರೌಸರ್ ಚೆನ್ನಾಗೇ ಓಡ್ತಿದೆಯಲ್ಲ, ಯಾಕೆ ಬದಲಾಯಿಸಬೇಕು?”

ಒಳ್ಳೆಯ ಪ್ರಶ್ನೆ. ಅಂತರಜಾಲದ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶವೇ ಬ್ರೌಸರ್. ಹಳೆಯದು ನಮಗೆ ಇಷ್ಟವಾಗುವುದು ಸಹಜ. ಅದರಲ್ಲಿ ಯಾವ ಗುಂಡಿ ಎಲ್ಲಿದೆ ಎಂದು ಗೊತ್ತಿರುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಅದು ಹಗುರವಾಗಿ ಓಡುತ್ತದೆ. ಹೊಸದನ್ನು ಇಳಿಸಿಕೊಳ್ಳಲು ಸಮಯ ಬೇಕು, ಡೇಟಾ ಬೇಕು. ಆದರೂ ಬದಲಾಯಿಸಲೇಬೇಕು ಎನ್ನುವುದು ನನ್ನ ಅಭಿಪ್ರಾಯ. ಏಕೆ ಗೊತ್ತೇ?

ಊರಿನ ಎಲ್ಲ ಮನೆಗಳಿಗೂ ಒಬ್ಬನೇ ಬಡಗಿ ಬಾಗಿಲು ಮಾಡಿಕೊಟ್ಟಿದ್ದಾನೆ ಎಂದುಕೊಳ್ಳಿ. ಚಿಲಕ ಸಡಿಲವಿದೆ ಎಂದು ಒಂದು ದಿನ ಅವನಿಗೆ ತಿಳಿಯುತ್ತದೆ. ಡಂಗುರ ಸಾರಿಸಿ, ಬಂದವರಿಗೆಲ್ಲ ಹೊಸ ಚಿಲಕ ಕೊಡುತ್ತಾನೆ. ಆದರೆ ಆ ಡಂಗುರ ಕಳ್ಳನಿಗೂ ಕೇಳಿಸುತ್ತದೆ! ಹಳೆಯ ಚಿಲಕವನ್ನೇ ಉಳಿಸಿಕೊಂಡ ಮನೆ ಮೊದಲಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ. ಬ್ರೌಸರಿನ ಕಥೆಯೂ ಹೀಗೆಯೇ. ಪ್ರತಿ ಹೊಸ ಆವೃತ್ತಿಯೂ ಹಳೆಯದರ ದೋಷ ಎಲ್ಲಿತ್ತು ಎಂಬ ಸುಳಿವನ್ನು ಕೊಟ್ಟುಬಿಡುತ್ತದೆ.

ಒಂದು ನಿಜ ಘಟನೆ ನೋಡಿ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ದುರಸ್ತಿ ಕೊಡುವುದನ್ನು ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು ನಿಲ್ಲಿಸಿತು. ಮೂರು ವಾರವೂ ಕಳೆದಿರಲಿಲ್ಲ. ಏಪ್ರಿಲ್ 26ರಂದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿನ 6ರಿಂದ 11ರವರೆಗಿನ ಆವೃತ್ತಿಗಳಲ್ಲಿ ದೊಡ್ಡ ದೋಷವಿದೆ ಎಂದು ಪ್ರಕಟವಾಯಿತು. ಕಳ್ಳರು ಸಿದ್ಧಪಡಿಸಿದ ಪುಟವನ್ನು ತೆರೆದರೆ ಸಾಕು, ಕಂಪ್ಯೂಟರ್ ಅವರ ಕೈಸೇರಬಹುದಿತ್ತು. ಆ ಸಲ ಕಂಪನಿ ಮೇ 1ರಂದು ಎಕ್ಸ್‌ಪಿಗೂ ದುರಸ್ತಿ ಕೊಟ್ಟಿತು. ಅದು ವಿಶೇಷ ವಿನಾಯಿತಿ. ಪ್ರತಿ ಸಲವೂ ಅಂಥ ಅದೃಷ್ಟ ಇರುವುದಿಲ್ಲ.

“ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಕದಿಯಲು ಏನಿದೆ?” ಎನ್ನಬೇಡಿ. ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಅಪ್ಪ ಅಮ್ಮನ ಬ್ಯಾಂಕ್ ಖಾತೆಯ ಸಂಖ್ಯೆ, ಮೊಬೈಲ್ ಸಂಖ್ಯೆಗಳನ್ನು ಅದರಲ್ಲೇ ಬರೆಯುತ್ತೇವಲ್ಲವೇ?

ಹಾಗಾದರೆ ಏನು ಮಾಡಬೇಕು? ನಿಮ್ಮ ಬ್ರೌಸರ್ ಯಾವ ಆವೃತ್ತಿಯದು ಎಂದು ಶಿಕ್ಷಕರೊಂದಿಗೆ ನೋಡಿ. ಬ್ರೌಸರಿನ ಮೆನುವಿನಿಂದಲೇ ಅದನ್ನು ಹೊಸದಾಗಿಸಿ. “ನಿಮ್ಮ ಬ್ರೌಸರ್ ಹಳೆಯದು, ಇಲ್ಲಿ ಒತ್ತಿ” ಎಂದು ಯಾವುದೋ ಪುಟ ಕರೆದರೆ ಒತ್ತಬೇಡಿ, ಅದೇ ಬಲೆಯಾಗಿರಬಹುದು. ಕಂಪ್ಯೂಟರ್ ತೀರಾ ಹಳೆಯದಾಗಿ ಹೊಸ ಬ್ರೌಸರ್ ಓಡದಿದ್ದರೆ ಅದನ್ನು ಎಸೆಯಬೇಕಿಲ್ಲ. ಅಂತರಜಾಲದ ಸಂಪರ್ಕ ತೆಗೆದು ಚಿತ್ರ ಬರೆಯಲು, ಕನ್ನಡ ಟೈಪಿಂಗ್ ಕಲಿಯಲು ಬಳಸಿ. ಉಚಿತವಾಗಿ ಸಿಗುವ ಹಗುರವಾದ ಲಿನಕ್ಸ್ ಹಾಕಿದರೆ ಎಷ್ಟೋ ಹಳೆಯ ಕಂಪ್ಯೂಟರುಗಳಲ್ಲಿ ಹೊಸ ಬ್ರೌಸರ್ ಓಡುತ್ತದೆ.

ಶಾಲೆಗೆ ಹಳೆಯ ಕಂಪ್ಯೂಟರ್ ಸಿಕ್ಕಿರುವುದು ನಿಮ್ಮ ತಪ್ಪಲ್ಲ. ಅದರ ದುರಸ್ತಿಗೆ ವ್ಯವಸ್ಥೆ ಮಾಡುವುದು ನಮ್ಮಂಥ ದೊಡ್ಡವರ ಹೊಣೆ. ಆದರೆ ಆ ಹುಡುಗಿಯಂತೆ ಪ್ರಶ್ನೆ ಕೇಳುವುದು ನಿಮ್ಮ ಕೆಲಸ. “ಓಡುತ್ತಿದೆಯೇ?” ಎಂದು ಕೇಳಿದ ಮೇಲೆ “ಇದಕ್ಕೆ ಈಗಲೂ ದುರಸ್ತಿ ಬರುತ್ತಿದೆಯೇ?” ಎಂದೂ ಕೇಳಿ.