ಕಂಬ ಮಾರೋ ಮುಂಚೆ ನಮ್ಮನ್ನೂ ಒಂದ್ಮಾತು ಕೇಳಿ

ಈ ಸಲ ಉಪ್ಸಾರಿನ ವಿಚಾರ ಬರೀತೀನಿ ಅಂದಿದ್ದೆ. ಅದು ಮುಂದ್ಕೆ ಇರ್ಲಿ. ಮನಸ್ಸಲ್ಲಿ ಬೇರೆ ಒಂದು ಕುದೀತಾ ಅದೆ, ಅದ್ನ ಮೊದ್ಲು ಹೇಳ್ಬುಡ್ತೀನಿ.

ಮಳವಳ್ಳಿ ತಾಲ್ಲೂಕಲ್ಲಿರೋ ನಮ್ಮ ಯಜಮಾನ್ರ ಊರಿನ ತೊಟ್ಟಿ ಮನೇನ ನಿಮ್ಮಲ್ಲಿ ಸುಮಾರು ಜನ ನೋಡಿದ್ದೀರಿ. ಹಬ್ಬಕ್ಕೆ ಬಂದು ಉಂಡೂ ಹೋಗಿದ್ದೀರಿ. ಅಣ್ತಮ್ಮಂದ್ರಿಗೆ ಭಾಗ ಆದ್ಮೇಲೆ ಅಲ್ಲಿ ಯಾರೂ ಇಲ್ಲ. ಹೆಂಚು ಜಾರಿ ಎರಡು ಕಡೆ ಸೋರ್ತದೆ. ಹೋದ ತಿಂಗಳು ಹಳೇ ಮರ ಕೊಳ್ಳೋ ಒಬ್ರು ಬಂದು ಕಂಬ, ಬಾಗ್ಲು, ತೊಲೆಗೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕೊಂಡು ಹೋದ್ರಂತೆ. ಬೆಂಗಳೂರು ಕಡೆ ಯಾವ್ದೋ ರೆಸಾರ್ಟಿಗೆ ಬೇಕಂತೆ. ನಮ್ಮನೆ ಕಂಬಕ್ಕೆ ಒರಗಿ ಇನ್ಯಾರೋ ಕಾಫಿ ಕುಡೀತಾರೆ. ಗಂಡಸ್ರು ನಾಕು ಜನ ಕೂತು ಮಾತಾಡಿ ಮುಗಿಸ್ಬುಟ್ರು. ಆ ಮನೆ ತೊಟ್ಟೀನ ವರ್ಷಗಟ್ಲೆ ಗುಡ್ಸಿ ಸಾರ್ಸಿದ ಹೆಂಗಸ್ರನ್ನ ಒಬ್ರೂ ಒಂದ್ಮಾತು ಕೇಳ್ಲಿಲ್ಲ.

ಇದ್ನ ಇಂಗ್ಲೆಂಡಲ್ಲಿರೋ ನನ್ನ ತಂಗಿ ಮಗಳಿಗೆ ಫೋನಲ್ಲಿ ಹೇಳ್ಕೊಂಡೆ. ಅವಳು ಅಲ್ಲಿನ ಕತೆ ಹೇಳಿದ್ಳು. ಹಿಮ್ಲೆ ಅನ್ನೋ ಊರಿನ ಹತ್ರ ಕ್ರೂಕೆಡ್ ಹೌಸ್ ಅಂತ ಒಂದು ಪಬ್ ಇತ್ತಂತೆ. 1765ರಲ್ಲಿ ಕಟ್ಟಿದ ಮನೆ. ಕೆಳಗೆ ಕಲ್ಲಿದ್ದಲು ಅಗೆದೂ ಅಗೆದೂ ಒಂದು ಕಡೆ ವಾಲ್ಕೊಂಡು ನಿಂತಿತ್ತು. ಗೋಲಿ ಬುಟ್ರೆ ಮೇಲ್ಮುಖವಾಗಿ ಉರುಳ್ದಂಗೆ ಕಾಣೋದಂತೆ. 2023ರ ಆಗಸ್ಟಲ್ಲಿ ಬೆಂಕಿ ಬಿತ್ತು, ಎರಡೇ ದಿನದಲ್ಲಿ ಪೂರ್ತಿ ಕೆಡವಿಬುಟ್ರು. ಜನ ಸುಮ್ಕಿರ್ಲಿಲ್ಲ. 2024ರ ಫೆಬ್ರವರೀಲಿ ಅಲ್ಲಿನ ಕೌನ್ಸಿಲ್‌ನೋರು, ಮೊದ್ಲು ಹೆಂಗಿತ್ತೋ ಹಂಗೇ ತಿರುಗಿ ಕಟ್ಟಿ ಅಂತ ಆರ್ಡರ್ ಮಾಡಿದ್ರು.

"ಒಂದು ಹೆಂಡದಂಗಡಿಗೆ ಇಷ್ಟೊಂದಾ?" ಅಂದೆ. "ಅದು ಬರೀ ಹೆಂಡದಂಗಡಿ ಅಲ್ಲ ದೊಡ್ಡಮ್ಮ, ಅವ್ರಿಗೆ ಅದೇ ಊರ ಜಗಲಿ ಇದ್ದಂಗೆ" ಅಂದ್ಳು. 2011ರ ಒಂದು ಕಾಯ್ದೆ ಅದೆಯಂತೆ. ಇಂಥ ಪಬ್ಬೋ ಅಂಗಡಿಯೋ ನಮ್ಮೂರಿಗೆ ಬೇಕಾದ ಜಾಗ ಅಂತ ಊರೋರು ಪಟ್ಟಿಗೆ ಸೇರಿಸ್ಬೋದು. ಆಮೇಲೆ ಮಾಲೀಕ ಅದ್ನ ಮಾರೋಕೆ ಹೊಂಟ್ರೆ, ನಾವೇ ಕೊಳ್ತೀವಿ ಅಂತ ಊರೋರು ಮುಂದೆ ಬಂದ್ರೆ, ದುಡ್ಡು ಹೊಂದಿಸ್ಕೊಳ್ಳೋಕೆ ಆರು ತಿಂಗಳು ಟೈಮ್ ಸಿಕ್ತದೆ. ಮಾರ್ಬೇಡಿ ಅಂತಲ್ಲ, ಮಾರೋ ಮುಂಚೆ ಒಂದ್ಮಾತು ಕೇಳಿ ಅಂತ. ನಂಗೆ ಹಿಡಿಸಿದ್ದು ಅದೇ.

ಜಗಲಿ ಅಂದಿದ್ದು ಮಾತ್ರ ರಾತ್ರಿಯೆಲ್ಲ ನಿದ್ದೆ ಕೊಡ್ಲಿಲ್ಲ. ಯಾಕಂದ್ರೆ ನಮ್ಮನೆ ಜಗಲಿ ಎಲ್ರಿಗೂ ಇರ್ಲಿಲ್ಲ ಕಣ್ರೀ. ನಾನು ಮದ್ವೆಯಾಗಿ ಬಂದಾಗ, ನಮ್ಮ ಗದ್ದೇಲಿ ದುಡಿದು ಬಂದೋರು ಸೂರಿನ ನೀರು ಬೀಳೋ ಜಾಗದಲ್ಲಿ ನಿಂತು ಬೊಗಸೇಲಿ ನೀರು ಕುಡಿಯೋರು. ಎತ್ತರದಿಂದ ಹುಯ್ತಿದ್ದೋಳು ನಾನೇ. ನಾವು ಹೆಂಗಸ್ರೂ ಗಂಡಸ್ರಿದ್ರೆ ಜಗಲಿ ಮೇಲೆ ಕೂರೋ ಹಂಗಿರ್ಲಿಲ್ಲ. ಹಳೇದೆಲ್ಲ ಚಿನ್ನ ಅಂತ ನಾನು ಬರೆದ್ರೆ ಸುಳ್ಳಾಯ್ತದೆ.

ನನ್ನ ಓರಗಿತ್ತಿ ಮಾತೂ ಸುಳ್ಳಲ್ಲ. "ಹೊಗೆ ಕುಡ್ದು ಕಣ್ಣು ಹಾಳಾಯ್ತು, ಹೆಂಚಿನ ಸಂದೀಲಿ ಚೇಳು, ರಾತ್ರಿ ಹೊತ್ತು ಕಕ್ಕಸಿಗೆ ಹಿತ್ತಲಾಚೆ ಹೋಗ್ಬೇಕು. ನಿಂಗೇನಕ್ಕ, ಮಂಡ್ಯದಲ್ಲಿ ಕೂತ್ಕೊಂಡು ಮನೆ ಉಳ್ಸಿ ಅಂತೀಯ" ಅಂದ್ಬುಟ್ಳು. ಒಪ್ಪಿದೆ. ಆದ್ರೆ ಹೊಗೆಗೆ ಗ್ಯಾಸ್ ಬಂತು, ಕಕ್ಕಸು ಕಟ್ಟಿಸ್ಬೋದು. ಕಂಬ ಒಂದ್ಸಲ ಹೋದ್ರೆ ಬರಲ್ಲ.

ನಮ್ಮ ಜಿಲ್ಲೇಲೇ ನೋಡಿ. ಮದ್ದೂರು ವಡೆ ಹುಟ್ಟಿದ್ದು ರೈಲ್ವೆ ಸ್ಟೇಷನ್ನಲ್ಲಿ, 1917ರಲ್ಲಿ, ರಾಮಚಂದ್ರ ಬುಧ್ಯ ಅನ್ನೋರ ಕೈಯಲ್ಲಿ ಅಂತಾರೆ. ರೈಲು ಬಂದ್ಬುಡ್ತು, ಪಕೋಡ ಬೇಯಿಸೋಕೆ ಹೊತ್ತಿಲ್ಲ ಅಂತ ಹಿಟ್ಟು ತಟ್ಟಿ ಎಣ್ಣೆಗೆ ಬುಟ್ರಂತೆ. ಈಗ ಹೊಸ ಹೈವೇ ಮದ್ದೂರನ್ನ ಪಕ್ಕಕ್ಕೆ ಬುಟ್ಟು ಹೋಗ್ಬುಡ್ತದೆ. ಆದ್ರೂ ವಡೆ ಉಳ್ಕೊಂಡದೆ, ಯಾಕಂದ್ರೆ ದಿನಾ ಕರೀತಾರೆ, ದಿನಾ ತಿಂತಾರೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಕರೆಂಟ್ ಮನೆ 1902ರದು. ಅಲ್ಲಿಂದ ಕೋಲಾರದ ಚಿನ್ನದ ಗಣಿ ತನಕ ತಂತಿ ಎಳೆದಿದ್ರು. ಅದು ನಿಂತಿರೋದು ಕೆಲ್ಸ ಮಾಡ್ತಾ ಇರೋದಕ್ಕೆ. ಮದ್ದೂರು ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲಲ್ಲಿ ಸರ್ಕಾರದ ಅಪ್ಪಣೆ ಮೀರಿ ಬಾವುಟ ಹಾರಿಸಿದ್ರು. ಅಲ್ಲಿ ಸತ್ಯಾಗ್ರಹ ಸೌಧ ಅದೆ. ನಮ್ಮಲ್ಲಿ ಎಷ್ಟು ಜನ ಮಕ್ಳನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದೀವಿ? ನಾನೂ ಹೋಗಿದ್ದು ಒಂದೇ ಸಲ. ಕಾಲು ತುಳಿಯದ ಜಾಗ ಗಟ್ಟಿಯಾಗಿದ್ರೂ ಒಂದೇ, ಬಿದ್ರೂ ಒಂದೇ.

ಅದಕ್ಕೇ ನಾನು ಹೇಳೋದು: ಹಳೇ ಮನೆ ಉಳಿಸೋದಾದ್ರೆ ಬೀಗ ಹಾಕಿ ಉಳಿಸ್ಬೇಡಿ, ಬಾಗ್ಲು ತೆಗೆದು ಉಳಿಸಿ. ಒಲೆ ಉರಿಯದ ಮನೆಗೆ ಗೆದ್ದಲು ಬೇಗ ಹತ್ತದೆ ಅನ್ನೋರು ನಮ್ಮತ್ತೆ. ಮನೇಲಿ ನಾನು ಮೂರು ಮಾತು ಇಟ್ಟಿದ್ದೀನಿ. ಒಂದು, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸ್ಬೇಕು. ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಬಾರ್ದು, ತೇವ ಒಳಗೇ ಕೂತು ಗೋಡೆ ಉದುರ್ತದೆ, ಸುಣ್ಣದ ಗಾರೇನೇ ಆಗ್ಬೇಕು. ಎರಡು, ಹಿತ್ತಲಲ್ಲಿ ಕಕ್ಕಸು, ನಲ್ಲಿ. ಮೂರು, ವಾರಕ್ಕೊಂದ್ಸಲ ಸ್ತ್ರೀಶಕ್ತಿ ಸಂಘದ ಸಭೆ ನಮ್ಮ ಜಗಲಿ ಮೇಲೇ ಆಗ್ಬೇಕು. ಊರಿನ ಎಲ್ಲಾ ಕೇರಿ ಹೆಂಗಸ್ರೂ ಮೇಲೇ ಕೂರ್ಬೇಕು, ಲೋಟದಲ್ಲೇ ನೀರು ಕುಡೀಬೇಕು.

ಮೂರನೇದಕ್ಕೆ ನಮ್ಮ ಭಾವ ಏನೂ ಅನ್ಲಿಲ್ಲ, ಎದ್ದು ಹೋಗ್ಬುಟ್ರು. ಓರಗಿತ್ತಿ ಮಾತ್ರ, "ಕಕ್ಕಸು ಮೊದ್ಲು ಕಟ್ಸಕ್ಕ, ಆಮೇಲೆ ನಾನೂ ನಿನ್ ಕಡೆ" ಅಂದವ್ಳೆ. ಖರ್ಚು ಎಲ್ಲಿಂದ ಅಂತ ಕೇಳ್ತಾರೆ. ನನ್ನ ಹತ್ರ ಎರಡು ಬಳೆ ಅವೆ. ಕಂಬ ಮಾರಿ ಬರೋ ದುಡ್ಡಲ್ಲಿ ಇನ್ನೇನು, ಬಳೇನೇ ಮಾಡಿಸ್ತಿದ್ರು.

ನಿಮ್ಮೂರಲ್ಲೂ ಇಂಥ ಮನೆ ಇದ್ರೆ, ಸೀಮೆಸುಣ್ಣದ ಗುರುತು ಬೀಳೋ ಮುಂಚೆ ಬಾಯಿ ಬುಡಿ ಕಣ್ರವ್ವ. ಉಪ್ಸಾರು ಮುಂದಿನ ವಾರ.