ನಲವತ್ತು ಗಜದ ಓಟ

ಲೋಲಕದ ಒಂದೇ ಒಂದು ಆಂದೋಲನದ ಕಾಲವನ್ನು ಸ್ಟಾಪ್‌ವಾಚಿನಿಂದ ಅಳೆದು, ಉತ್ತರವನ್ನು ದಶಮಾಂಶದ ಮೂರನೆಯ ಸ್ಥಾನದವರೆಗೆ ಬರೆದು ತರುವ ವಿದ್ಯಾರ್ಥಿಗಳು ನನ್ನ ತರಗತಿಯಲ್ಲಿ ಪ್ರತಿವರ್ಷವೂ ಇರುತ್ತಾರೆ. ಅವರನ್ನು ಗದರಿಸುವುದು ನನ್ನ ಕೆಲಸ. ಅದೇ ತಪ್ಪನ್ನು ಕೋಟ್ಯಂತರ ಡಾಲರುಗಳ ವ್ಯವಹಾರದಲ್ಲಿ ಮಾಡುವವರನ್ನು ಗದರಿಸುವವರು ಯಾರು? ಅಮೆರಿಕದ ವೃತ್ತಿಪರ ಫುಟ್‌ಬಾಲ್ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಬಗೆಯನ್ನು ಕಂಡಾಗ ನನಗೆ ಈ ಪ್ರಶ್ನೆ ಏಳುತ್ತದೆ.

ಅಲ್ಲಿನ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ; ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಮೈಗೆ ಮೈ ತಾಗಿಸಿ ಕೆಡಹುವ ಆಟ. ನ್ಯಾಷನಲ್ ಫುಟ್‌ಬಾಲ್ ಲೀಗಿನ 32 ತಂಡಗಳು ವರ್ಷಕ್ಕೊಮ್ಮೆ ಏಳು ಸುತ್ತುಗಳಲ್ಲಿ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ಋತುವಿನಲ್ಲಿ ತೀರ ಸೋತ ತಂಡಕ್ಕೆ ಮೊದಲ ಸರದಿ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. 1936ರ ಪ್ರಪ್ರಥಮ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಮುಂಚೆ ಆಯ್ಕೆಯಾದ ಜೇ ಬರ್ವಾಂಗರ್, ಸಂಬಳದ ವಿಷಯದಲ್ಲಿ ಒಪ್ಪಂದವಾಗದೆ, ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲವೆಂಬುದು ಸ್ವಾರಸ್ಯದ ಸಂಗತಿ.

ಡ್ರಾಫ್ಟಿಗೆ ಮುನ್ನ ಪರೀಕ್ಷೆ. 1987ರಿಂದ ಇಂಡಿಯಾನಾಪೊಲಿಸ್ ನಗರದಲ್ಲಿ ನಡೆದು ಬಂದಿರುವ ಕೂಟಕ್ಕೆ ಮುನ್ನೂರಕ್ಕೂ ಹೆಚ್ಚು ತರುಣರನ್ನು ಕರೆಸಿ, ಅವರ ಎತ್ತರ, ತೂಕ, ಕೈಯ ಗೇಣು ಎಲ್ಲವನ್ನೂ ಅಳೆಯುತ್ತಾರೆ. ಎಲ್ಲಕ್ಕಿಂತ ಹೆಚ್ಚು ಮಾತಿಗೆ ವಸ್ತುವಾಗುವುದು 40 ಗಜದ, ಎಂದರೆ ಸುಮಾರು 36.6 ಮೀಟರಿನ ಓಟ. ಆಟಗಾರನ ಮೈ ಅಲುಗಿದ್ದನ್ನು ಕಂಡು ಒಬ್ಬನು ಗುಂಡಿಯನ್ನು ಒತ್ತುವುದು, ಗೆರೆ ದಾಟಿದ್ದನ್ನು ಯಂತ್ರವು ಗುರುತಿಸುವುದು, ಇದು ಅಲ್ಲಿ ಬಹುಕಾಲ ನಡೆದು ಬಂದ ಕ್ರಮ. ಕಣ್ಣು ಕಂಡದ್ದಕ್ಕೆ ಬೆರಳು ಓಗೊಡಲು ಸುಮಾರು 0.2 ಸೆಕೆಂಡು ಹಿಡಿಯುತ್ತದೆ. ಗಡಿಯಾರವು ತಡವಾಗಿ ಹೊರಡುವುದರಿಂದ ದಾಖಲಾದ ಕಾಲ ನಿಜವಾದ ಕಾಲಕ್ಕಿಂತ ಕಡಮೆ. ಈ ತಡವು ಎಲ್ಲರಿಗೂ ಸಮನಾಗಿದ್ದರೆ ಹೋಲಿಕೆಗೆ ಬಾಧಕವಿಲ್ಲ. ಆದರೆ ಬೆರಳು ಯಂತ್ರವಲ್ಲ; ಸಲದಿಂದ ಸಲಕ್ಕೆ ಸೆಕೆಂಡಿನ ನೂರನೆಯ ಕೆಲವು ಭಾಗಗಳಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಹೀಗಿರುವಾಗ 4.42 ಸೆಕೆಂಡಿನವನು 4.45 ಸೆಕೆಂಡಿನವನಿಗಿಂತ ಮೇಲೆಂದು ಒಂದೆರಡು ಓಟಗಳಿಂದ ನಿರ್ಣಯಿಸುವುದು ಸಾಹಸವೇ ಸರಿ. ಒಬ್ಬ ತರುಣನ ಜೀವನೋಪಾಯವು ಆ ಅಂಕಿಯನ್ನು ಅವಲಂಬಿಸಿರಬಹುದು.

ಗಡಿಯಾರವನ್ನೇನೋ ತಿದ್ದಬಹುದು. ಅದು ಅಳೆಯುವ ಗುಣವೇ ನಮಗೆ ಬೇಕಾದ ಗುಣವೇ? ಚೆಂಡನ್ನು ಹಿಡಿಯಲು ಓಡುವವನಿಗೂ ಅವನನ್ನು ತಡೆಯುವವನಿಗೂ ವೇಗವೇ ಬಂಡವಾಳ, ಪೂರ್ಣವೇಗದಲ್ಲಿ 0.1 ಸೆಕೆಂಡೆಂದರೆ ಸುಮಾರು ಒಂದು ಮೀಟರಿನ ಅಂತರ. ಇದನ್ನು ಒಪ್ಪಲೇಬೇಕು. ಆದರೆ ಚೆಂಡನ್ನು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಬೇಕಾದದ್ದು, ಎರಡು ಮೂರು ಸೆಕೆಂಡುಗಳೊಳಗೆ ಎದುರಾಳಿಗಳ ನಡೆಯನ್ನು ಗ್ರಹಿಸುವ ವಿವೇಕ. ಟಾಮ್ ಬ್ರೇಡಿ 2000ದಲ್ಲಿ ಈ ಓಟಕ್ಕೆ 5.28 ಸೆಕೆಂಡು ತೆಗೆದುಕೊಂಡ. 198 ಮಂದಿಯ ಆಯ್ಕೆ ಮುಗಿದ ಮೇಲೆ ಅವನ ಹೆಸರು ಬಂತು. ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಆತ ಏಳು ಬಾರಿ ಗೆದ್ದ.

ಬ್ರೇಡಿಗೆ ತಡವಾಗಿಯಾದರೂ ಅವಕಾಶ ದೊರೆಯಿತು. ಕರ್ಟ್ ವಾರ್ನರನನ್ನು 1994ರಲ್ಲಿ ಯಾವ ತಂಡವೂ ಆರಿಸಲಿಲ್ಲ. ಆತ ಕಿರಾಣಿ ಅಂಗಡಿಯೊಂದರಲ್ಲಿ ಸಾಮಾನು ಜೋಡಿಸುವ ಕೆಲಸ ಮಾಡಿದ. 1999ರಲ್ಲಿ ಮುಖ್ಯ ಆಟಗಾರನೊಬ್ಬ ಗಾಯಗೊಂಡದ್ದರಿಂದ ಸ್ಥಾನ ಪಡೆದು, ಅದೇ ಋತುವಿನಲ್ಲಿ ಲೀಗಿನ ಅತ್ಯುತ್ತಮ ಆಟಗಾರನೆನಿಸಿದ. ಇದು ಯಾರೂ ಯೋಜಿಸದೆ ನಡೆದ ಪ್ರಯೋಗ! ಬಿಟ್ಟವರನ್ನು ಆಡಿಸಿ ನೋಡದೆ, ಬಿಟ್ಟದ್ದು ಸರಿಯೋ ತಪ್ಪೋ ತಿಳಿಯುವ ಬಗೆಯೇ ಇಲ್ಲ. ಆಯ್ಕೆಗಾರರ ಆತ್ಮವಿಶ್ವಾಸಕ್ಕೆ ಭಂಗ ಬಾರದಿರಲು ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ಅರ್ಥಶಾಸ್ತ್ರಜ್ಞರಾದ ಮ್ಯಾಸಿ ಮತ್ತು ಥೇಲರ್ 2013ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತಂಡಗಳು ತಮ್ಮ ನಿರ್ಣಯಶಕ್ತಿಯನ್ನು ಅತಿಯಾಗಿ ನಂಬುತ್ತವೆಂದೇ ವಾದಿಸಿದ್ದಾರೆ.

ಓಟವನ್ನು ಕೈಬಿಡಬೇಕೆಂದು ನಾನು ಹೇಳುವುದಿಲ್ಲ. ಬುದ್ಧಿಶಕ್ತಿಯ ವಂಡರ್ಲಿಕ್ ಪರೀಕ್ಷೆಯನ್ನು 2022ರಲ್ಲಿ ಆ ಕೂಟದಿಂದ ಕೈಬಿಟ್ಟರು, ಓಟ ಉಳಿಯಲಿ. ಆದರೆ ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ಅದರ ದೋಷದ ಪ್ರಮಾಣವನ್ನೂ ಮುದ್ರಿಸಲಿ. ನನ್ನ ವಿದ್ಯಾರ್ಥಿಗಳಿಂದ ನಾನು ಕೇಳುವುದೂ ಅಷ್ಟನ್ನೇ.