ಮನೆಯ ಹೊಲಿಗೆ ಮತ್ತೊಂದು ಕೂಲಿಯಾಗದಿರಲಿ



"ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ" ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಇದರ ಮೊದಲನೆಯ ಮಾತನ್ನು ಒಪ್ಪಲು ನಮ್ಮಿಂದಾಗದು. ಈ ಬೆಟ್ಟಗಳ ಮೇಲೆ ಚಹಾ ಗಿಡ, ಕಾಫಿ ಗಿಡಗಳನ್ನು ನೆಟ್ಟು, ಸವರಿ, ಬೆಳೆಸಿದವರು ಆಳುಗಳೇ. ಆಳು ಮಾಡಿದ್ದು ಹಾಳಾಗಿದ್ದರೆ ಇಷ್ಟು ಬಂಗಲೆಗಳು ಏಳುತ್ತಿರಲಿಲ್ಲ. ಆದರೆ ಗಾದೆಯ ಕೊನೆಯ ಮಾತು ನಿಜ. ತಾನೇ ಮಾಡಿದ್ದರಲ್ಲಿರುವ ಸುಖವೇ ಬೇರೆ. ನಮ್ಮ ಬಟ್ಟೆಯನ್ನು ನಾವೇ ಮನೆಯಲ್ಲಿ ಹೊಲಿದುಕೊಳ್ಳುವ ಆ ಸುಖವನ್ನು ಕುರಿತು ಈ ಸಲ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ಕೂಲಿಗಾರರ ಮುಂದೆ ಹೊಲಿಗೆಯ ಮಾತು ಬಂದಾಗಲೆಲ್ಲ ಅದು ಸಂಪಾದನೆಯ ಮಾತೇ ಆಗಿರುತ್ತದೆ. ಸಭೆ ಸೇರಿಸಿ, ಯಂತ್ರ ಹಂಚಿ, "ಇನ್ನು ನಿಮ್ಮ ಕಾಲ ಮೇಲೆ ನೀವು ನಿಲ್ಲಿರಿ" ಎಂದು ಭಾಷಣ ಮಾಡುತ್ತಾರೆ. ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕಸುಬೂ ಒಂದು. ಇದರಲ್ಲಿ ತಪ್ಪೇನೂ ಇಲ್ಲ. ದರ್ಜಿಯಾಗಿ ಬಾಳಬೇಕೆನ್ನುವವರಿಗೆ ನೆರವು ಸಿಗಲಿ. ಆದರೆ "ಅಮ್ಮಾ, ನಿನಗೆ ಇಷ್ಟವಿದ್ದರೆ ಹೊಲಿ, ಮನಸ್ಸಿಗೆ ಸಂತೋಷವಾಗಲಿ ಎಂದು ಹೊಲಿ" ಎಂದು ಲೈನು ಮನೆಯ ಹೆಣ್ಣುಮಗಳಿಗೆ ಯಾರಾದರೂ ಹೇಳಿದ್ದುಂಟೇ? ಹವ್ಯಾಸ ಎನ್ನುವುದು ಬಂಗಲೆಯವರಿಗೆ, ದುಡಿಮೆ ಎನ್ನುವುದು ಪಾಡಿಯವರಿಗೆ ಎಂದು ಯಾರು ಬರೆದಿಟ್ಟರು? ದಿನವಿಡೀ ನಮ್ಮ ಕೈಕೆಲಸ ತಕ್ಕಡಿಯಲ್ಲಿ ತೂಗಿಹೋಗುತ್ತದೆ, ಹಾಜರಿ ಪುಸ್ತಕದಲ್ಲಿ ಗುರುತಾಗುತ್ತದೆ. ತೂಕವಿಲ್ಲದ, ಹಾಜರಿಯಿಲ್ಲದ, ಮೇಸ್ತ್ರಿಯಿಲ್ಲದ ಒಂದು ಕೆಲಸ ಈ ಕೈಗಳಿಗೂ ಬೇಕು ಎಂಬುದೇ ನನ್ನ ವಾದ.

ಮೊದಲು ದುಡ್ಡಿನ ಮಾತನ್ನು ಮುಗಿಸೋಣ. ಮನೆಯಲ್ಲಿ ಹೊಲಿದರೆ ಬಹಳ ಉಳಿತಾಯ ಎಂದು ಹೇಳುವವರಿದ್ದಾರೆ. ಎಲ್ಲಾ ಬಟ್ಟೆಗೂ ಈ ಮಾತು ನಿಲ್ಲದು. ಬಟ್ಟೆ, ನೂಲು, ಗುಂಡಿ, ಇಲಾಸ್ಟಿಕ್ಕು ಎಲ್ಲದರ ಲೆಕ್ಕ ಹಾಕಿದರೆ, ಸಂತೆಯಲ್ಲಿ ರಾಶಿ ಹಾಕಿ ಮಾರುವ ರೆಡಿಮೇಡ್ ಫ್ರಾಕು ಎಷ್ಟೋ ಸಲ ಅದಕ್ಕಿಂತ ಅಗ್ಗ. ಆದರೆ ಅದು ಏಕೆ ಅಗ್ಗವೆಂದು ಕೇಳುವುದು ನಮ್ಮಂಥವರ ಕರ್ತವ್ಯ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು, ಒಳಗೆ ಬಟ್ಟೆ ಹೊಲಿಯುತ್ತಿದ್ದವರೂ ಸೇರಿದಂತೆ 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ ಕೆಲಸಕ್ಕೆ ಕರೆದಿದ್ದರು. ನಮ್ಮ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ತಮ್ಮ ಭವಿಷ್ಯನಿಧಿಯ ಹಣಕ್ಕೆ ಕಟ್ಟು ಹಾಕುವ ನಿಯಮದ ವಿರುದ್ಧ ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು; ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಳ್ಳಬೇಕಾಯಿತು. ಒಂದು ಕಾಲರನ್ನೋ ಒಂದು ತೋಳನ್ನೋ ದಿನವಿಡೀ ಹೊಲಿಯುವ ಆ ತಂಗಿಯರ ಶ್ರಮವೇ ಸಂತೆಯ ಅಗ್ಗದ ಬೆಲೆಯೊಳಗೆ ಅಡಗಿದೆ. ಒಂದು ಅಂಗಿಯನ್ನು ನಾವೇ ಕತ್ತರಿಸಿ, ಹೊಲಿದು, ಕಾಜ ಮಾಡಿ, ಗುಂಡಿ ಹಚ್ಚಿದಾಗ ಆ ಶ್ರಮ ಎಷ್ಟೆಂದು ತಿಳಿಯುತ್ತದೆ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬುದು ಬಟ್ಟೆಗೂ ಸಲ್ಲುವ ಮಾತು.

ಹಾಗಾದರೆ ಲಾಭವೇ ಇಲ್ಲವೇ? ಇದೆ. ರವಿಕೆಯ ಹೊಲಿಗೆ ಕೂಲಿ ಉಳಿಯುತ್ತದೆ. ಹಳೆಯ ಸೀರೆಯಿಂದ ಮಗುವಿಗೆ ಲಂಗವಾಗುತ್ತದೆ. ಅದರಲ್ಲಿ ಉಳಿದದ್ದು ಕೌದಿಗೆ ಹೋಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯ ನಮ್ಮ ಕನ್ನಡದ ತಾಯಂದಿರಿಗೆ ಕೌದಿಯ ವಿಷಯ ನಾನು ಹೇಳಿಕೊಡಬೇಕಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಹೊಲಿದದ್ದು ಹೆಚ್ಚು ಕಾಲ ಬಾಳುವಂತೆ ಮಾಡಬಹುದು. ಅಗ್ಗದ ರೆಡಿಮೇಡಿನಲ್ಲಿ ಹೊಲಿಗೆಯ ಪಕ್ಕದಲ್ಲಿ ಬಟ್ಟೆಯನ್ನೇ ಬಿಟ್ಟಿರುವುದಿಲ್ಲ. ಒಂದು ಸಲ ಬಿಚ್ಚಿದರೆ ಮತ್ತೆ ಹೊಲಿಯಲು ಜಾಗವಿಲ್ಲ. ಮನೆಯಲ್ಲಿ ಹೊಲಿಯುವಾಗ ಪಕ್ಕಕ್ಕೆ ಒಂದು ಅಂಗುಲ ಬಿಡಿರಿ. ಮಗಳ ಲಂಗದ ಅಂಚಿನ ಮೇಲೆ ಎರಡು ಟಕ್ಕು ಹಿಡಿಯಿರಿ. ಅವಳು ಬೆಳೆದಂತೆ ವರುಷಕ್ಕೊಂದು ಟಕ್ಕು ಬಿಚ್ಚಿದರೆ ಅದೇ ಲಂಗ ಮೂರು ವರುಷ ಬರುತ್ತದೆ. ಎಲೆ ಕೀಳುವವರ ರವಿಕೆ ಹರಿಯುವುದು ಹೆಚ್ಚಾಗಿ ಕಂಕುಳಲ್ಲಿ, ಕೈ ಚಾಚಿ ಚಾಚಿ. ಅಲ್ಲಿ ಒಂದು ಚೌಕದ ತುಂಡನ್ನು ಓರೆಯಾಗಿ ಸೇರಿಸಿ ಹೊಲಿದರೆ ಕೈ ಆಡಲು ಸಲೀಸು. ನಮ್ಮ ಮೈಗೆ, ನಮ್ಮ ಕೆಲಸಕ್ಕೆ ಏನು ಬೇಕೆಂದು ನಮಗೆ ಗೊತ್ತಿರುವಷ್ಟು ಯಾವ ಫ್ಯಾಕ್ಟರಿಗೆ ಗೊತ್ತು?

ಹೊಸದಾಗಿ ಕಲಿಯುವವರು ರವಿಕೆಯಿಂದ ಆರಂಭಿಸಬೇಡಿರಿ, ಅದು ಕಷ್ಟದ್ದು. ದಿಂಬಿನ ಚೀಲ, ಬುತ್ತಿಯ ಚೀಲ, ಒಳಲಂಗ ಈ ಕ್ರಮದಲ್ಲಿ ಹೋಗಿರಿ. ವಯನಾಡು ಹಾಗೂ ನೀಲಗಿರಿಯ ಮಳೆಗಾಲಕ್ಕೆ ಜಿಗಣೆಯ ಕಾಲುಚೀಲವೂ ಒಳ್ಳೆಯ ಪಾಠ. ಒತ್ತಾಗಿ ನೇಯ್ದ ದಪ್ಪ ಹತ್ತಿ ಬಟ್ಟೆಯನ್ನು ಪಾದದ ಆಕಾರಕ್ಕೆ ಎರಡು ತುಂಡು ಕತ್ತರಿಸಿ, ಮೊಣಕಾಲಿನವರೆಗೆ ಎತ್ತರ ಬಿಟ್ಟು, ಎರಡು ಸಾಲು ಹೊಲಿಗೆ ಹಾಕಿ, ಮೇಲೆ ಲಾಡಿ ಪೋಣಿಸಿದರೆ ಆಯಿತು. ನೇಯ್ಗೆ ಒತ್ತಾಗಿದ್ದರೆ ಜಿಗಣೆ ಅದರೊಳಗಿಂದ ಕಚ್ಚಲಾರದು. ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿರಿ. ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ. ಒಂದು ಎಚ್ಚರಿಕೆ: ತೋಟಕ್ಕೆ ಔಷಧಿ ತುಂಬಿ ಬಂದ ಚೀಲ ಗಟ್ಟಿಯಾಗಿದೆಯೆಂದು ಅದನ್ನು ಕತ್ತರಿಸಿ ಏನನ್ನೂ ಹೊಲಿಯಬೇಡಿರಿ. ತೊಳೆದ ಮಾತ್ರಕ್ಕೆ ವಿಷ ಹೋಯಿತೆಂದು ನಂಬಬಾರದು.

ಯಂತ್ರವಿಲ್ಲದೆಯೂ ಇವೆಲ್ಲವನ್ನೂ ಸೂಜಿ ನೂಲಿನಿಂದಲೇ ಹೊಲಿಯಬಹುದು. ಯಂತ್ರವಿದ್ದರೆ ಬೇಗ. ಅದರ ಕತೆಯೂ ಕೂಲಿಗಾರರು ತಿಳಿಯಬೇಕಾದದ್ದೇ. ಫ್ರಾನ್ಸಿನ ಥಿಮೊನಿಯೆ ಎಂಬ ದರ್ಜಿ 1830ರಲ್ಲಿ ಒಂದು ಹೊಲಿಗೆ ಯಂತ್ರಕ್ಕೆ ಹಕ್ಕು ಪಡೆದ; ಮರುವರುಷವೇ, ತಮ್ಮ ಅನ್ನ ಹೋಯಿತೆಂದು ಹೆದರಿದ ದರ್ಜಿಗಳು ಅವನ ಯಂತ್ರಗಳನ್ನು ಒಡೆದುಹಾಕಿದರು. ಅಮೆರಿಕದಲ್ಲಿ 1846ರಲ್ಲಿ ಹೋವ್, 1851ರಲ್ಲಿ ಸಿಂಗರ್ ತಮ್ಮ ಯಂತ್ರಗಳಿಗೆ ಹಕ್ಕು ಪಡೆದರು. ಯಂತ್ರಗಳನ್ನು ಅಷ್ಟಾಗಿ ಮೆಚ್ಚದ ಗಾಂಧೀಜಿಯವರೂ 1924ರಲ್ಲಿ ಒಂದು ಸಂಭಾಷಣೆಯಲ್ಲಿ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಯಂತ್ರದ ಕೆಲಸ ಸರಳ. ಮೇಲಿನ ನೂಲು ಸೂಜಿಯಿಂದ ಇಳಿಯುತ್ತದೆ, ಕೆಳಗಿನ ನೂಲು ಬಾಬಿನ್ನಿನಿಂದ ಬರುತ್ತದೆ. ಎರಡೂ ಬಟ್ಟೆಯ ನಡುವೆ ಒಂದನ್ನೊಂದು ಹಿಡಿದುಕೊಂಡಾಗ ಹೊಲಿಗೆ. ಬಟ್ಟೆಯ ಅಡಿಯಲ್ಲಿ ನೂಲು ಗಂಟುಗಂಟಾದರೆ ಹೊಸಬರು ಬಾಬಿನ್ನನ್ನು ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಅಲ್ಲಿಲ್ಲ. ಮೇಲಿನ ನೂಲನ್ನು ಸರಿಯಾಗಿ ಪೋಣಿಸಿರುವುದಿಲ್ಲ. ಕೆಳಗೆ ಕಾಣುವ ತೊಂದರೆಗೆ ಕಾರಣ ಮೇಲಿರುತ್ತದೆ! ಇದು ಯಂತ್ರಕ್ಕೆ ಮಾತ್ರ ಸಲ್ಲುವ ಮಾತೇ ಎಂದು ತಾವೇ ಯೋಚಿಸಿರಿ.

ಇನ್ನು ನನ್ನ ಮೂರು ಆತಂಕಗಳು.

ಮೊದಲನೆಯದು, ಹವ್ಯಾಸದ ಬಾಗಿಲಿನಿಂದ ಕೂಲಿ ಒಳಗೆ ಬರುವುದು. "ಹೇಗೂ ಯಂತ್ರವಿದೆಯಲ್ಲ, ಸಂಜೆ ಕೂತು ನೂರು ಚೀಲ ಹೊಲಿದುಕೊಡಿ" ಎಂದು ಏಜೆಂಟು ಬರುತ್ತಾನೆ. ಇನ್ನೊಬ್ಬ ಯಂತ್ರಕ್ಕೆ ಸಾಲ ಕೊಡಲು ಬರುತ್ತಾನೆ, ವಾರದ ಕಂತು ಹಿಡಿಯುತ್ತಾನೆ. ಹೊಲಿಗೆ ಯಂತ್ರವನ್ನು ಕಂತಿನ ಮೇಲೆ ಮಾರುವುದು 1856ರಿಂದಲೇ ಇದ್ದ ಉಪಾಯ. ಕಂತು ತುಂಬಲು ಆರ್ಡರು, ಆರ್ಡರು ಮುಗಿಸಲು ರಾತ್ರಿ ನಿದ್ದೆ. ಅಲ್ಲಿಗೆ ಹವ್ಯಾಸ ಸತ್ತಿತು. ಮನೆಯಲ್ಲಿ ಕೂತು ಹೊಲಿಯುವ ಬಡ ಹೆಂಗಸಿನ ಪಾಡನ್ನು ಕುರಿತು ಥಾಮಸ್ ಹುಡ್ ಎಂಬ ಆಂಗ್ಲ ಕವಿ 1843ರಲ್ಲಿಯೇ 'ಅಂಗಿಯ ಹಾಡು' ಬರೆದ. ಮನೆಯಲ್ಲಿ ಕೂತು ಇತರರಿಗಾಗಿ ದುಡಿಯುವವರನ್ನೂ ಉಳಿದ ಕೂಲಿಗಾರರಂತೆಯೇ ಕಾಣಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ 177ನೆಯ ಒಪ್ಪಂದ ಮಾಡಿತು. ಭಾರತ ಅದನ್ನು ಇನ್ನೂ ಅಂಗೀಕರಿಸಿಲ್ಲ. ಆದುದರಿಂದ ಹಣಕ್ಕೆ ಹೊಲಿಯುವವರು ಅದನ್ನು ಕೂಲಿಯೆಂದೇ ತಿಳಿದು, ಒಂದಕ್ಕೆ ಎಷ್ಟು, ನೂಲು ಯಾರದು, ಕರೆಂಟು ಯಾರದು, ದುಡ್ಡು ಯಾವಾಗ ಎಂದು ಮೊದಲೇ ಕೇಳಿರಿ. ನಾಲ್ಕು ಮನೆಯವರು ಕೂಡಿ ಕೇಳಿರಿ.

ಎರಡನೆಯದು, ನಮ್ಮ ಕೈಚಳಕ ತೋಟದ ಧಣಿಗಳ ಹೊಣೆಯನ್ನು ಇಳಿಸಬಾರದು. 1951ರ ತೋಟ ಕಾರ್ಮಿಕರ ಕಾಯಿದೆಯು ಮಳೆ ಚಳಿಯಿಂದ ರಕ್ಷಣೆಗಾಗಿ ಕೊಡೆ, ಕಂಬಳಿ, ಮಳೆಯಂಗಿಗಳನ್ನು ಮಾಲಿಕರೇ ಕೊಡುವಂತೆ ನಿಯಮ ಮಾಡಲು ರಾಜ್ಯ ಸರ್ಕಾರಗಳಿಗೆ ಅಧಿಕಾರ ಕೊಟ್ಟಿತ್ತು. ಆ ಕಾಯಿದೆ ಈಗ 2020ರ ಹೊಸ ಸಂಹಿತೆಯೊಳಗೆ ಸೇರಿದೆ. ಕಾಯಿದೆಯ ಹೆಸರು ಬದಲಾಗಿರಬಹುದು, ಮಳೆ ಬದಲಾಗಿಲ್ಲ. ಸೊಂಟಕ್ಕೆ ಸುತ್ತುವ ಟಾರ್ಪಾಲಿನ ತುಂಡಿಗೆ ನಾವು ಅಂದವಾಗಿ ಲಾಡಿ ಹೊಲಿದುಕೊಂಡೆವೆಂದು, ಮಳೆಯಂಗಿ ಕೇಳುವುದನ್ನು ಬಿಡಬಾರದು. ಕೆಲಸದ ಬಟ್ಟೆ ಕೆಲಸ ಕೊಡುವವರ ಹೊಣೆ. ಹಬ್ಬದ ಬಟ್ಟೆ, ಮಗುವಿನ ಬಟ್ಟೆ, ಮನಸ್ಸಿನ ಬಟ್ಟೆ ನಮ್ಮದು.

ಮೂರನೆಯದು, ಈ ಸುಖವೂ ಹೆಣ್ಣುಮಕ್ಕಳ ತಲೆಯ ಮೇಲೆ ಹೊರೆಯಾಗುವುದು. ಹೊಲಿಗೆ ಹೆಂಗಸರ ಕೆಲಸ ಎನ್ನುವ ಗಂಡಸರು ಪೇಟೆಗೆ ಹೋಗಿ ನೋಡಲಿ. ಕತ್ತರಿ ಹಿಡಿದು ಕೂತ ದರ್ಜಿಗಳಲ್ಲಿ ಗಂಡಸರೆಷ್ಟು! ದುಡ್ಡು ಬರುವ ಹೊಲಿಗೆಗೆ ಗಂಡಸಾಗಬಹುದು, ದುಡ್ಡು ಬಾರದ ಹೊಲಿಗೆಗೆ ಹೆಂಗಸೇ ಬೇಕೇ? ಸಂತ ಪೌಲ ಕೊರಿಂಥದಲ್ಲಿ ಅಕ್ವಿಲ ಹಾಗೂ ಪ್ರಿಸಿಲ್ಲ ದಂಪತಿಗಳ ಮನೆಯಲ್ಲಿ ಇದ್ದು ದುಡಿದದ್ದು ಏಕೆ? ಮೂವರದೂ ಗುಡಾರ ಮಾಡುವ ಕಸುಬಾಗಿತ್ತು. ಗಂಡ, ಹೆಂಡತಿ, ಮನೆಗೆ ಬಂದ ಅತಿಥಿ ಮೂವರೂ ಒಟ್ಟಿಗೆ ಕೂತು ಮಾಡಿದ ಕೆಲಸ ಅದು. ಹಳೆಯ ಒಡಂಬಡಿಕೆಯ ಹನ್ನಳು ದೇವಾಲಯದಲ್ಲಿದ್ದ ಮಗ ಸಮುವೇಲನಿಗೆ ವರುಷ ವರುಷವೂ ಒಂದು ಪುಟ್ಟ ಮೇಲಂಗಿ ಮಾಡಿ ಒಯ್ಯುತ್ತಿದ್ದಳು. ಮಗ ಈ ವರುಷ ಎಷ್ಟು ಬೆಳೆದಿರಬಹುದೆಂದು ಅಂದಾಜು ಮಾಡಿ ತಾನೇ ಅವಳು ಅಳತೆ ಹಾಕಿರಬೇಕು! ಹಾಸ್ಟೆಲಿನಲ್ಲಿ ಮಕ್ಕಳನ್ನು ಬಿಟ್ಟಿರುವ ನಮ್ಮ ತಾಯಂದಿರಿಗೆ ಆ ಅಳತೆಯ ಅರ್ಥ ಗೊತ್ತು. ಆ ಪ್ರೀತಿಯನ್ನು ಗಂಡುಮಕ್ಕಳೂ ಕಲಿಯಲಿ. ಕನಿಷ್ಠ ತನ್ನ ಅಂಗಿಯ ಗುಂಡಿಯನ್ನು ತಾನೇ ಹಚ್ಚಿಕೊಳ್ಳದ ಹುಡುಗ ಓದಿಯೂ ಅರ್ಧವೇ ಕಲಿತವನು.

"ಬೆಳಗಿನಿಂದ ಸಂಜೆಯವರೆಗೆ ಬೆನ್ನು ಬಗ್ಗಿಸಿ ಬಂದವರಿಗೆ ಹೊಲಿಯಲು ಹೊತ್ತೆಲ್ಲಿದೆ, ಉಪದೇಶಿಗಳೇ?" ಎಂದು ಕೇಳುವವರಿದ್ದೀರಿ. ನ್ಯಾಯವಾದ ಪ್ರಶ್ನೆ. ಇಷ್ಟವಿಲ್ಲದವರು ಹೊಲಿಯಬೇಕಾಗಿಲ್ಲ. ಸುಮ್ಮನೆ ಕಾಲು ಚಾಚಿ ಮಲಗುವುದೂ ಕೂಲಿಗಾರನ ಹಕ್ಕೇ. ಆದರೆ ಹೊತ್ತಿಲ್ಲವೆಂಬ ಮಾತಿಗೆ ಉತ್ತರ ಹವ್ಯಾಸ ಬೇಡವೆನ್ನುವುದಲ್ಲ, ಹೊತ್ತನ್ನು ಕೇಳುವುದು. ದುಡಿಮೆಯ ಗಂಟೆ, ವಾರದ ರಜೆ, ಹಬ್ಬದ ರಜೆ ಇವುಗಳಿಗಾಗಿ ಸಂಘ ಹೋರಾಡುವುದು ಏತಕ್ಕೆ? ಮರುದಿನ ಮತ್ತೆ ದುಡಿಯಲು ಮೈ ಗಟ್ಟಿಯಾಗಲಿ ಎಂದು ಮಾತ್ರವೇ? ಮನುಷ್ಯನು ತನಗಾಗಿ ಬದುಕುವ ನಾಲ್ಕು ಗಳಿಗೆ ಸಿಗಲಿ ಎಂದೂ ಅಲ್ಲವೇ?

ನನ್ನ ಸಲಹೆ ಇಷ್ಟೆ. ಪ್ರತಿಯೊಂದು ಮನೆಯೂ ಸಾಲ ಮಾಡಿ ಯಂತ್ರ ಕೊಳ್ಳುವ ಬದಲು, ಲೈನಿಗೊಂದು ಹಳೆಯ ಕಾಲ್ತುಳಿತದ ಯಂತ್ರವನ್ನು ಚಂದಾ ಎತ್ತಿ ಕೊಳ್ಳೋಣ. ಅದಕ್ಕೆ ಕರೆಂಟು ಬೇಡ. ಎಣ್ಣೆ ಬಿಟ್ಟು ಧೂಳು ತೆಗೆಯುತ್ತಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಓದುವ ಕೋಣೆಯಲ್ಲೋ ದೇವಾಲಯದ ಹಜಾರದಲ್ಲೋ ಅದನ್ನು ಇಟ್ಟು, ತಿಂಗಳಿಗೆ ಎರಡು ಭಾನುವಾರ ಮಧ್ಯಾಹ್ನ ಕೂಡೋಣ. ಕಲಿತ ಅಕ್ಕಂದಿರು ಕಲಿಸಲಿ. ಯಾವ ಧರ್ಮದವರಾದರೂ ಬರಲಿ, ಗಂಡುಹುಡುಗರೂ ಬರಲಿ. ನಿಯಮ ಒಂದೇ ಇರಲಿ: ಆ ಯಂತ್ರದ ಮೇಲೆ ಆರ್ಡರಿನ ಕೆಲಸ ನಡೆಯಬಾರದು. ಅದರ ಮೇಲೆ ಹೊಲಿದದ್ದು ಹೊಲಿದವರ ಮನೆಗೋ ಅವರು ಪ್ರೀತಿಯಿಂದ ಕೊಟ್ಟವರ ಮನೆಗೋ ಹೋಗಬೇಕು.

ನಮ್ಮ ಕೈಯಿಂದ ದಿನವೂ ಎಷ್ಟೋ ಕಿಲೋ ಎಲೆ, ಎಷ್ಟೋ ಕಿಲೋ ಹಣ್ಣು ಹೊರಗೆ ಹೋಗುತ್ತದೆ. ಅದು ಯಾರ ಮನೆಯ ಲೋಟ ಸೇರಿತೆಂದು ನಾವು ಕಾಣೆವು. ಕೈಯಿಂದ ಮಾಡಿದ್ದು ಒಂದಾದರೂ ಕಣ್ಣ ಮುಂದೆ ಉಳಿಯಲಿ, ಮಗುವಿನ ಮೈಮೇಲೆ ಓಡಾಡಲಿ. ಅದಕ್ಕೆ ಯಾರೂ ತೂಕ ಹಾಕದಿರಲಿ.